ಕರೆ ಕಟ್ಟುವ ಕಲೆ

ಕಂಬಳದ ಛಾಯಾಚಿತ್ರವನ್ನು ಕಾಣದ ವಾಚಕರು ಈಗ ವಿರಳ. ಮೂತಿ ಮೇಲೆತ್ತಿ ಧಾವಿಸುವ ಎರಡು ಕೋಣಗಳು. ಅವುಗಳ ಬೆನ್ನ ಹಿಂದೆ, ಓಡುತ್ತಿರುವನೋ ಹಾರುತ್ತಿರುವನೋ ಎಂದು ಸಂಶಯ ಹುಟ್ಟಿಸುವ ತರುಣ. ಮೂವರನ್ನೂ ಬಳಸಿ ನಿಂತ ನೀರಿನ ಬೆಳ್ಳಿತೆರೆ. ಚಿತ್ರ ಮನೋಹರವೇ ಸರಿ. ಆದರೆ ಕಂಬಳದ ಬಹು ಮುಖ್ಯವಾದ ವಸ್ತುವೊಂದನ್ನು ಆ ತೆರೆಯೇ ನಮ್ಮ ಕಣ್ಣಿಗೆ ಮರೆಮಾಡುತ್ತದೆ. ಕೋಣದ ಗೊರಸು ಊರುವುದು ಯಾವುದರ ಮೇಲೆ? ಓಟಗಾರನ ಅಂಗಾಲು ಯಾವುದನ್ನು ಒದ್ದು ಮುಂದಕ್ಕೆ ಚಿಮ್ಮುತ್ತದೆ? ಕೆಸರಿನ ಮೇಲೆ ಎಂದು ಉತ್ತರ ಹೇಳುವುದು ಸುಲಭ. ಮಳೆಗಾಲದ ಹಾದಿಯಲ್ಲಿ ಒಮ್ಮೆಯಾದರೂ ಚಪ್ಪಲಿ ಕಳೆದುಕೊಂಡವರಿಗೆ ಆ ಉತ್ತರದ ಪೊಳ್ಳುತನ ಚೆನ್ನಾಗಿ ಗೊತ್ತು. ಬರಿಯ ಕೆಸರು ಕಾಲನ್ನು ಹಿಡಿಯುತ್ತದೆ, ಬಿಡುವುದಿಲ್ಲ. ನೂರಾರು ಕಿಲೋಗ್ರಾಂ ತೂಗುವ ಎರಡು ಪ್ರಾಣಿಗಳು ಗಂಟೆಗೆ 37 ಕಿಲೋಮೀಟರಿನ ಸರಾಸರಿಯಲ್ಲಿ ಓಡಬೇಕಾದರೆ ಅವುಗಳ ಕೆಳಗಿನ ನೆಲ ಕಟ್ಟಿದ್ದಾಗಿರಬೇಕು, ಬಲ್ಲವರು ಕಟ್ಟಿದ್ದಾಗಿರಬೇಕು.

ಆ ನೆಲಕ್ಕೆ ತುಳುನಾಡಿನಲ್ಲಿ ‘ಕರೆ’ ಎಂದು ಹೆಸರು. ಒಂದರ ಪಕ್ಕದಲ್ಲಿ ಇನ್ನೊಂದರಂತೆ ಎರಡು ಓಟದ ಪಥಗಳಿದ್ದರೆ ಅದು ಜೋಡುಕರೆ. ಓಟ ಆರಂಭವಾಗುವ ತುದಿ ಗಂತು. ಮುಗಿಯುವ ತುದಿ ಮಂಜೊಟ್ಟಿ. ಎರಡು ಕರೆಗಳಿಗೂ ಮನೆಯ ಅವಳಿ ಮಕ್ಕಳಿಗೆ ಇಡುವಂತೆ ಜೊತೆ ಹೆಸರುಗಳನ್ನು ಇಡುವ ರೂಢಿ ಸೊಗಸಾಗಿದೆ. ಮೂಡುಬಿದಿರೆಯ ಕರೆಗಳು ಕೋಟಿ ಮತ್ತು ಚೆನ್ನಯ. ಬೆಳ್ತಂಗಡಿ ತಾಲೂಕಿನ ವೇಣೂರು-ಪೆರ್ಮುಡದಲ್ಲಿ ಸೂರ್ಯ ಮತ್ತು ಚಂದ್ರ. ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಸತ್ಯ ಮತ್ತು ಧರ್ಮ. ಅದೇ ತಾಲೂಕಿನ ಇನ್ನೊಂದು ಪ್ರಸಿದ್ಧ ಕಂಬಳದಲ್ಲಿ ಮೂಡೂರು ಮತ್ತು ಪಡೂರು. ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ ಕೊಡುವವರು ‘ಚಂದ್ರ ಕರೆಯ ಕೋಣಗಳು ಮುಂದೆ’ ಎಂದು ಕೂಗುವಾಗ ಹೊಸಬರಿಗೆ ಪಂಚಾಂಗ ಓದುತ್ತಿರುವರೇ ಎಂಬ ಭ್ರಮೆಯಾದರೂ ಆಶ್ಚರ್ಯವಿಲ್ಲ.

ಗದ್ದೆಯೇ ಕರೆಯಾಗಿದ್ದಾಗ

ಮೊದಲಿಗೆ ಕರೆಯನ್ನು ಯಾರೂ ಬೇರೆಯಾಗಿ ಕಟ್ಟಬೇಕಾಗಿರಲಿಲ್ಲ. ಊರಿನ ದೊಡ್ಡ ಮನೆಯ ಅಥವಾ ದೇವಸ್ಥಾನದ ಅತ್ಯಂತ ವಿಶಾಲವಾದ ಗದ್ದೆಯೇ ಕಂಬಳಗದ್ದೆ. ದಕ್ಷಿಣ ಕನ್ನಡದ ರೈತರು ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ತರವಾಗಿ ವಿಂಗಡಿಸುವರು. ತಗ್ಗಿನಲ್ಲಿದ್ದು ಬಹುಕಾಲ ನೀರು ಹಿಡಿದಿರುವುದು ಬೈಲು. ಅದಕ್ಕಿಂತ ಮೇಲಿನದು ಮಜಲು. ಮಳೆಯನ್ನೇ ನಂಬಿದ ಎತ್ತರದ ನೆಲ ಬೆಟ್ಟು. ಏಣೆಲು ಬೆಳೆಯ ಕೊಯ್ಲು ಮುಗಿದು, ಮುಂದಿನ ಬೆಳೆಗೆ ಗದ್ದೆಯನ್ನು ಹಸನು ಮಾಡುವ ಹೊತ್ತಿನಲ್ಲಿ, ಉತ್ತು ನೀರು ತುಂಬಿದ ಕೆಸರಿನಲ್ಲಿ ಕೋಣಗಳನ್ನು ಓಡಿಸುವ ಹಬ್ಬವೇ ಕಂಬಳ. ಗೆದ್ದ ಜೋಡಿಗೆ ತೆಂಗಿನಕಾಯಿ, ಬಾಳೆಗೊನೆ ಬಹುಮಾನ. ಈಗ ಅದರ ಸ್ಥಾನವನ್ನು ಚಿನ್ನ ಆಕ್ರಮಿಸಿದೆ.

ಭತ್ತದ ಗದ್ದೆಯನ್ನು ತಲೆತಲಾಂತರದಿಂದ ಕೆಸರುಳುಮೆ ಮಾಡುತ್ತ ಬಂದರೆ ಅದರ ಒಡಲಿನಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಮೇಲಿನ ಗೇಣುದ್ದದ ಮಣ್ಣು ಬೆಣ್ಣೆಯಂತೆ ಮೃದುವಾಗುತ್ತದೆ. ನೇಗಿಲಿನ ಗುಳ ಮುಟ್ಟುವ ಆಳದಲ್ಲಿ ಮಾತ್ರ, ದನಗಳ ಗೊರಸೂ ಮನುಷ್ಯರ ಕಾಲೂ ವರ್ಷವರ್ಷವೂ ಒತ್ತಿದುದರಿಂದ, ಮಣ್ಣಿನ ನವುರಾದ ಕಣಗಳು ಬಿಗಿದುಕೊಂಡು ಒಂದು ಗಟ್ಟಿ ಪದರ ಏರ್ಪಡುತ್ತದೆ. ಗದ್ದೆಯಲ್ಲಿ ನೀರು ಇಂಗದೆ ನಿಲ್ಲುವುದು ಈ ಪದರದ ದೆಸೆಯಿಂದ. ಕೃಷಿಶಾಸ್ತ್ರಜ್ಞರು ಇದನ್ನು ಭತ್ತದ ಬೇಸಾಯದ ಜೀವಾಳವೆಂದು ಗಣಿಸುವರು. ಕಂಬಳದ ಜೀವಾಳವೂ ಅದೇ. ಮೇಲೆ ನೀರು, ಅದರಡಿಯಲ್ಲಿ ಮೆತ್ತನೆಯ ಕೆಸರು, ಅದರಡಿಯಲ್ಲಿ ಗೊರಸಿಗೆ ಆಧಾರ ಕೊಡುವ ಗಟ್ಟಿ ನೆಲ. ಈ ಮೂರು ಅಂತಸ್ತಿನ ಏರ್ಪಾಡನ್ನು ಯಾವ ಶಿಲ್ಪಿಯೂ ಯೋಚಿಸಿ ಮಾಡಿದ್ದಲ್ಲ. ಬೇಸಾಯ ತಾನಾಗಿಯೇ ಮಾಡಿಕೊಟ್ಟದ್ದು.

ಸ್ಪರ್ಧೆಯ ವಿಭಾಗಗಳನ್ನು ನೋಡಿದರೂ ಇದೇ ಕಥೆ. ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂದು ನಾಲ್ಕು ಬಗೆ. ನೇಗಿಲು ವಿಭಾಗದಲ್ಲಿ ಕೋಣಗಳು ಎಳೆಯುವುದು ಹಗುರವಾದ ನೇಗಿಲಿನಾಕಾರದ ಮರವನ್ನು. ಹಗ್ಗದಲ್ಲಿ ನೊಗಕ್ಕೆ ಬಿಗಿದ ಹಗ್ಗವೇ ಓಟಗಾರನಿಗೆ ಆಸರೆ. ಅಡ್ಡ ಹಲಗೆ ಎಂಬುದು ಉತ್ತ ಗದ್ದೆಯ ಕೆಸರನ್ನು ಸಮಗೊಳಿಸುತ್ತಿದ್ದ ಹಲಗೆಯ ಬಂಧು. ಅದರ ಮೇಲೆ ನಿಂತೇ ಸಾಗಬೇಕು. ಇವೆಲ್ಲ ಮಣ್ಣನ್ನು ಹದ ಮಾಡುವ ಸಾಧನಗಳು ಎಂಬುದನ್ನು ಗಮನಿಸಬೇಕು. ಕೆಲಸವಾಗಿದ್ದುದು ಆಟವಾಯಿತು, ಆಟ ನಡೆಯುತ್ತಿದ್ದಂತೆಯೇ ಕೆಲಸವೂ ಒಂದಿಷ್ಟು ಆಗಿಬಿಡುತ್ತಿತ್ತು.

ಗದ್ದೆ ಬಿಟ್ಟು ಗುಡ್ಡಕ್ಕೆ

ಕಾಲ ಬದಲಾಯಿತು. ಭತ್ತ ಬೆಳೆದವನಿಗೆ ಕೂಲಿಯ ಖರ್ಚೂ ಹುಟ್ಟದಾಗ ಬೈಲುಗಳಿಗೆ ಅಡಕೆ ಸಸಿಗಳು ಇಳಿದವು. ಬಂಟ್ವಾಳದಿಂದ ಬೆಳ್ತಂಗಡಿಯ ಕಡೆಗೆ ಬಸ್ಸಿನಲ್ಲಿ ಕುಳಿತು ಹೋಗುವವರು ಕಿಟಕಿಯ ಹೊರಗೆ ಕಣ್ಣು ಹಾಯಿಸಿದರೆ ಸಾಕು. ಹಸಿರಿಗೆ ಕೊರತೆಯಿಲ್ಲ, ಗದ್ದೆಗೆ ಉಂಟು. ಇತ್ತ ಕಂಬಳವೂ ಊರಿನ ಹಬ್ಬವಾಗಿದ್ದುದು ಜಿಲ್ಲೆಗಳ ಕ್ರೀಡೆಯಾಗಿ ಬೆಳೆಯಿತು. ನೂರಕ್ಕೂ ಮಿಕ್ಕಿದ ಜೋಡಿಗಳು, ಸಾವಿರಾರು ಪ್ರೇಕ್ಷಕರು, ಅವರ ವಾಹನಗಳು, ಹಗಲು ಸಾಲದೆ ಇರುಳೆಲ್ಲ ಉರಿಯುವ ಹೊನಲು ಬೆಳಕು. ಇಷ್ಟಕ್ಕೆ ಒಬ್ಬ ಗೃಹಸ್ಥನ ಗದ್ದೆ ಸಾಲುವುದೆಂತು? ಆದುದರಿಂದ ಕಂಬಳಕ್ಕೆಂದೇ ಬೇರೆ ಜಾಗ ಗೊತ್ತುಮಾಡಿ ಕರೆ ಕಟ್ಟುವ ಪರಿಪಾಠ ಬಂದಿತು. ಮೂಡುಬಿದಿರೆಯ ಕಡಲಕೆರೆ ನಿಸರ್ಗಧಾಮದ ಕರೆ ಇಂಥ ಹೊಸ ತಲೆಮಾರಿನದು.

ಇಲ್ಲಿಂದ ಕಷ್ಟದ ಕಥೆ ಆರಂಭ. ಈ ಸೀಮೆಯ ಗುಡ್ಡಗಳೆಲ್ಲ ಮುರಕಲ್ಲಿನವು. ಅಗೆಯುವಾಗ ಮೆತ್ತಗೆ, ಗಾಳಿ ಬಿಸಿಲು ತಗುಲಿದಂತೆ ಗಟ್ಟಿ. ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಈ ಹೆಸರು ಇಂದು ಭೂವಿಜ್ಞಾನದಲ್ಲಿ ಲೋಕವೆಲ್ಲ ಬಳಕೆಯಲ್ಲಿದೆ. ಮನೆ ಕಟ್ಟಲು ಇದಕ್ಕಿಂತ ಒಳ್ಳೆಯ ಕಲ್ಲಿಲ್ಲ. ಕರೆ ಕಟ್ಟಲು ಇದಕ್ಕಿಂತ ತುಂಟ ನೆಲ ಸಿಗಲಾರದು. ಮೈತುಂಬ ರಂಧ್ರಗಳಿರುವ ಇದು ನೀರನ್ನು ನಿಲ್ಲಗೊಡದು. ಇದರ ಒರಟು ಹರಳುಗಳು ಗೊರಸನ್ನು ಕೊರೆಯುವುವು. ಗದ್ದೆ ಪುಕ್ಕಟೆಯಾಗಿ ಕೊಡುತ್ತಿದ್ದ ಆ ಮೂರು ಅಂತಸ್ತುಗಳನ್ನು ಇಲ್ಲಿ ಒಂದೊಂದಾಗಿ ಕೈಯಾರೆ ಮಾಡಿಕೊಳ್ಳಬೇಕು.

ಅಗೆತಕ್ಕೆ ಈಗ ಜೆಸಿಬಿ ಯಂತ್ರವುಂಟು. ಎತ್ತುಗಳು ತಿಂಗಳಲ್ಲಿ ಮಾಡದ ಕೆಲಸವನ್ನು ಅದು ದಿನದಲ್ಲಿ ಮಾಡೀತು. ಆದರೆ ಮಟ್ಟ ನೋಡುವ ಕಣ್ಣು ಯಂತ್ರಕ್ಕಿಲ್ಲ. ಉದ್ದಕ್ಕೂ ತಳ ಸಮವಾಗಿರದಿದ್ದರೆ ನೀರು ಒಂದು ಕಡೆ ಮಡುವಾಗಿ, ಇನ್ನೊಂದು ಕಡೆ ಬರಿಯ ಕೆಸರಾಗಿ ನಿಲ್ಲುತ್ತದೆ. ಅಡಿಯ ನೆಲವನ್ನು ಜೇಡಿಯಿಂದ ಬಿಗಿದು ತುಳಿಸಬೇಕು. ಅದರ ಮೇಲಿನ ಪದರದಲ್ಲಿ ಕಲ್ಲು, ಬೇರು, ಗಾಜಿನ ಚೂರು ಒಂದೂ ಉಳಿಯಕೂಡದು. ಜೇಡಿ ಅತಿಯಾದರೆ ಕಾಲು ಕಚ್ಚಿಕೊಳ್ಳುತ್ತದೆ. ಮರಳು ಅತಿಯಾದರೆ ನೀರಿನಡಿಯಲ್ಲಿ ಕುಳಿತು ಗಟ್ಟಿಯಾಗಿ, ಉಜ್ಜುಕಾಗದದಂತೆ ಚರ್ಮ ತಿನ್ನುತ್ತದೆ. ಎರಡರ ನಡುವಿನ ಹದ ಯಾವುದು? ಹಪ್ಪಳದ ಹಿಟ್ಟಿನ ಹದವನ್ನು ಅಜ್ಜಿಯರು ಹೇಗೆ ಅಳತೆಯಲ್ಲಿ ಹೇಳಲಾರರೋ ಹಾಗೆಯೇ ಇದೂ. ಬಲ್ಲವರು ಬರಿಗಾಲಲ್ಲಿ ಇಳಿದು, ಹಿಮ್ಮಡಿ ಊರಿ, ನಾಲ್ಕು ಹೆಜ್ಜೆ ಓಡಿ ನೋಡುವರು.

ನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ವೇಗ ಇಮ್ಮಡಿಯಾದರೆ ನೀರಿನ ತಡೆ ನಾಲ್ಮಡಿಯಾಗುವುದು ಪ್ರಕೃತಿ ನಿಯಮ. ಒಂದೆರಡು ಅಂಗುಲ ನೀರು ಹೆಚ್ಚಾದರೂ ಓಟ ಭಾರವಾಗುತ್ತದೆ. ಹಾಗೆಂದು ನೀರೇ ಬೇಡವೆನ್ನುವಂತಿಲ್ಲ. ಕೋಣದ ಮೈಯಲ್ಲಿ ಬೆವರಿನ ಗ್ರಂಥಿಗಳು ಕಡಮೆ, ಕಪ್ಪು ಚರ್ಮ ಬಿಸಿಲನ್ನು ಬೇಗ ಹೀರುತ್ತದೆ, ನೀರು ಅದಕ್ಕೆ ತಂಪು. ಕನೆ ಹಲಗೆಗಂತೂ ನೀರೇ ಸರ್ವಸ್ವ. ಈ ವಿಭಾಗದಲ್ಲಿ ಕಾಲದ ಪ್ರಶ್ನೆಯೇ ಇಲ್ಲ. ತೂತುಗಳಿರುವ ಹಲಗೆಯ ಮೇಲೆ ಕಾಲೂರಿ ಓಟಗಾರ ಸಾಗುವಾಗ ಆ ತೂತುಗಳಿಂದ ನೀರು ಕಾರಂಜಿಯಂತೆ ಚಿಮ್ಮಿ, ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಗಳಿಗೆ ಎತ್ತರದ ಗೊತ್ತು. ಕರೆಯ ತಳದಲ್ಲಿ ಒಂದು ಉಬ್ಬಿದ್ದರೆ ಹಲಗೆ ಎಗರಿ ಕಾರಂಜಿ ಮುರಿಯುತ್ತದೆ. ಇದು ಓಟಗಾರನ ಪರೀಕ್ಷೆ ಮಾತ್ರವಲ್ಲ, ಕರೆ ಕಟ್ಟಿದವರ ಪರೀಕ್ಷೆಯೂ ಹೌದೆಂದು ನನಗೆ ತೋರುತ್ತದೆ.

ಇಷ್ಟೆಲ್ಲ ಹದಗೊಳಿಸಿದ ನೆಲ ಓಟ ಮೊದಲಾದ ಮೇಲೆ ಹಾಗೆಯೇ ಇರುತ್ತದೆಯೇ? ಇಲ್ಲ. ಒಂದೊಂದು ಜೋಡಿ ಹಾದು ಹೋದಾಗಲೂ ಕೆಸರು ಕಲಕುತ್ತದೆ. ಭಾರವಾದ ಮರಳು ಬೇಗ ತಳಕ್ಕಿಳಿಯುತ್ತದೆ, ನವುರಾದ ಜೇಡಿ ನೀರಿನಲ್ಲಿ ತೇಲಿಕೊಂಡಿರುತ್ತದೆ. ಬೆಳಗ್ಗೆ ಓಡಿದ ಕೋಣ ಕಂಡ ಕರೆ ಒಂದು. ನಡುರಾತ್ರಿಯಲ್ಲಿ ಓಡುವ ಕೋಣ ಕಾಣುವ ಕರೆ ಇನ್ನೊಂದು.

ಮಂಜೊಟ್ಟಿಯ ಏರು

ಕರೆಯಲ್ಲಿ ಅತ್ಯಂತ ಜಾಗರೂಕತೆಯಿಂದ ಕಟ್ಟಬೇಕಾದ ಭಾಗ ಮಂಜೊಟ್ಟಿ. ಅಲ್ಲಿಯವರೆಗೆ ಓಡಿಸುವುದು ಓಟಗಾರನ ಕೆಲಸ. ಅಲ್ಲಿ ನಿಲ್ಲಿಸುವುದು ಮಣ್ಣಿನ ಕೆಲಸ. ನೀರಿನಿಂದ ಮೇಲಕ್ಕೆ ಓರೆಯಾಗಿ ಏರಿಸಿದ ಈ ಮಣ್ಣಿನ ಇಳಿಜಾರನ್ನು ಹತ್ತುವಾಗ ಕೋಣಗಳ ವೇಗ ತಾನೇ ಕುಗ್ಗಬೇಕು. ಏರು ಕಡಿದಾದರೆ ಮುಂಗಾಲಿಗೆ ಪೆಟ್ಟು. ಓರೆ ಸಾಲದಿದ್ದರೆ ಕೋಣ ನಿಲ್ಲದೆ ಎದುರಿನ ಜನರ ಮೇಲೆ ಹಾಯುತ್ತದೆ. ನೀರಿನ ತಡೆ ಒಮ್ಮೆಗೇ ತಪ್ಪಿ ಒಣ ನೆಲ ಸಿಕ್ಕಾಗ ಕಾಲು ತೊಡರುವ ಅಪಾಯವೂ ಉಂಟು. ಆದುದರಿಂದ ನೀರು, ತೆಳುಗೆಸರು, ಹಸಿಮಣ್ಣು, ಒಣಮಣ್ಣು ಎಂಬ ಕ್ರಮದಲ್ಲಿ ನೆಲ ಮೆಲ್ಲಮೆಲ್ಲನೆ ಬದಲಾಗುತ್ತ ಹೋಗಬೇಕು.

ಪಟ್ಟಣದ ನಮ್ಮ ಕಿರಿಯ ಓದುಗರಿಗೆ ಇದನ್ನು ತಿಳಿಯಹೇಳಲು ಬಿ.ಎಂ.ಎಕ್ಸ್. ಸೈಕಲ್ಲಿನ ಉದಾಹರಣೆ ಒದಗೀತು. ಮೋಟಾರ್ ಸೈಕಲ್ ಪಂದ್ಯಗಳನ್ನು ಅನುಕರಿಸಿ ಕ್ಯಾಲಿಫೋರ್ನಿಯಾದ ಹುಡುಗರು 1970ರ ಆಸುಪಾಸಿನಲ್ಲಿ ಆರಂಭಿಸಿದ ಈ ಪುಂಡಾಟ 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಪದಕದ ಕ್ರೀಡೆಯಾಯಿತು. ಸೈಕಲ್ ನೆಗೆಯಲು ಮಣ್ಣಿನ ದಿಬ್ಬ ಕಟ್ಟುವ ಹುಡುಗರೂ ಜೇಡಿಮಣ್ಣನ್ನೇ ಹುಡುಕುವರು, ಕಲ್ಲು ಆರಿಸುವರು, ನೀರು ಚಿಮುಕಿಸಿ ಸಲಿಕೆಯ ಬೆನ್ನಿನಿಂದ ಬಡಿದು ನುಣುಪು ಮಾಡುವರು, ಮಳೆ ಬಂದರೆ ತಾಡಪಾಲು ಹೊದಿಸುವರು. ನೋಡುವವರಿಗೆ ನೆಗೆಯುವ ದಿಬ್ಬವೇ ಮುಖ್ಯವೆಂದು ಕಂಡರೂ ಅನುಭವಸ್ಥರು ಹೆಚ್ಚು ಶ್ರಮ ಹಾಕುವುದು ಇಳಿಯುವ ದಿಬ್ಬಕ್ಕೆ. ಸೈಕಲ್ ಬೀಳುವ ಕೋನಕ್ಕೆ ಸರಿಯಾಗಿ ಇಳಿಜಾರು ಇದ್ದರೆ ಆಘಾತ ಓಟವಾಗಿ ಹರಿದುಹೋಗುತ್ತದೆ. ಸಪಾಟು ನೆಲವಾದರೆ ಎಲುಬಿಗೆ ಹೋಗುತ್ತದೆ. ಅವರಿಗೆ ನೀರು ಶತ್ರು, ನಮ್ಮವರಿಗೆ ನೀರು ಮಿತ್ರ ಎಂಬ ಭೇದ ಬಿಟ್ಟರೆ, ವೇಗವನ್ನು ಮಣ್ಣಿಗೆ ಒಪ್ಪಿಸುವ ವಿದ್ಯೆ ಎರಡು ಕಡೆಗೂ ಒಂದೇ.

ಸೆಕೆಂಡುಗಳ ಜಗಳ

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಯಾರೋ ತ್ರೈರಾಶಿ ಹಾಕಿ, 100 ಮೀಟರಿಗೆ 9.55 ಸೆಕೆಂಡು ಎಂದು ಸಾರಿದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ದೇಶವೆಲ್ಲ ಕೋಲಾಹಲ. ಕೇಂದ್ರದ ಕ್ರೀಡಾ ಸಚಿವರಿಂದ ಪರೀಕ್ಷಾ ಓಟಕ್ಕೆ ಆಹ್ವಾನ. ಕಟ್ಟಡದ ಕೆಲಸ ಮಾಡಿ ಜೀವಿಸುತ್ತಿದ್ದ ಈ ತರುಣ ವಿನಯದಿಂದಲೇ ಅದನ್ನು ಒಲ್ಲೆನೆಂದರು. ಯಶಸ್ಸಿನಲ್ಲಿ ಕೋಣಗಳಿಗೂ ಪಾಲುಂಟೆಂದರು. ಅದೇ ತಿಂಗಳಲ್ಲಿ ವೇಣೂರಿನ ಸೂರ್ಯ-ಚಂದ್ರ ಕರೆಯಲ್ಲಿ ಬಜಗೋಳಿಯ ನಿಶಾಂತ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿ ಲೆಕ್ಕವನ್ನು 9.51ಕ್ಕೆ ಇಳಿಸಿದರು. ಮರುವರ್ಷ ಮಾರ್ಚಿನಲ್ಲಿ ಬಂಟ್ವಾಳದ ಕಕ್ಯಪದವಿನಲ್ಲಿ ಶ್ರೀನಿವಾಸ ಗೌಡರು 125 ಮೀಟರನ್ನು 11.21 ಸೆಕೆಂಡುಗಳಲ್ಲಿ ಮುಗಿಸಿದಾಗ ಅದು 8.96 ಆಯಿತು.

ಈ ಅಂಕಿಗಳನ್ನು ಸಾವಧಾನವಾಗಿ ನೋಡಿ. 142.5, 143, 125! ಒಂದು ಕರೆಯ ಉದ್ದದಂತೆ ಇನ್ನೊಂದಿಲ್ಲ. ಉದ್ದವೇ ಹೀಗಾದರೆ ಆಳ, ಕೆಸರು, ನೀರು, ತಳಗಳ ಮಾತೇನು? ಅಂಗಸಾಧನೆಯ ಓಟದಲ್ಲಿ ಪಥದ ಇಳಿಜಾರು ಸಾವಿರಕ್ಕೆ ಒಂದನ್ನು ಮೀರುವಂತಿಲ್ಲ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚಿದ್ದರೆ ದಾಖಲೆ ಮನ್ನಣೆಯಾಗದು. ಗಾಳಿಗೇ ಇಷ್ಟು ಕಟ್ಟುಪಾಡಿರುವಲ್ಲಿ ಎರಡು ಕೋಣಗಳ ಎಳೆತಕ್ಕೆ ಎಷ್ಟು ಅಂಕ ಕಳೆಯಬೇಕು? ಲೇಸರ್ ಕಿರಣದ ಮಾಪಕ ಸೆಕೆಂಡಿನ ನೂರರಲ್ಲಿ ಒಂದು ಭಾಗವನ್ನು ಅಳೆದೀತು, ಆದರೆ ಕೆಸರಿನ ಹದವನ್ನು ಅಳೆಯದು. ಕಂಬಳ ಅಕಾಡೆಮಿಯ ಪ್ರೊಫೆಸರ್ ಕೆ. ಗುಣಪಾಲ ಕಡಂಬರೂ ಇಂಥ ಹೋಲಿಕೆಗೆ ತಾವು ಇಳಿಯಲೊಲ್ಲೆವೆಂದು ಆಗಲೇ ಹೇಳಿದ್ದರು. ಓಟಗಾರರ ಹಿರಿಮೆಗೆ ಇದರಿಂದ ಕುಂದಿಲ್ಲ. ಬೋಲ್ಟನನ್ನು ಆ ಕೆಸರಿಗೆ ಇಳಿಸಿ, ಕೈಗೆ ಹಗ್ಗ ಕೊಟ್ಟು ನೋಡಿದ್ದರೆ ಏನಾಗುತ್ತಿತ್ತು ಎಂದು ಯಾರೂ ಕೇಳಲಿಲ್ಲ!

ನ್ಯಾಯಾಲಯದಲ್ಲಿ ಕಂಬಳ

ಪ್ರಾಣಿಗಳ ಪರವಾಗಿ ಎದ್ದ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ನಿಷೇಧಿಸಿದ ಬಳಿಕ, 2016ರ ನವೆಂಬರಿನಲ್ಲಿ ಕರ್ನಾಟಕದ ಹೈಕೋರ್ಟಿನಿಂದ ಕಂಬಳಕ್ಕೂ ತಡೆ ಬಂದಿತು. 2017ರ ಫೆಬ್ರವರಿಯಲ್ಲಿ ರಾಜ್ಯದ ವಿಧಾನಮಂಡಲ ಕಾಯಿದೆಗೆ ತಿದ್ದುಪಡಿ ಮಾಡಿತು. ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣಗಳಿಗೆ ಅನಗತ್ಯವಾದ ನೋವಾಗಬಾರದೆಂಬುದು ಅನುಮತಿಯೊಡನೆ ಬಂದ ಹೊಣೆ.

ವಾದವಿವಾದಗಳಲ್ಲಿ ಹೆಚ್ಚಾಗಿ ಕೇಳಿಬಂದುದು ಬೆತ್ತದ ಮಾತು. ಬೆತ್ತ ಕಣ್ಣಿಗೆ ಕಾಣುತ್ತದೆ, ಚಿತ್ರಕ್ಕೆ ಸಿಗುತ್ತದೆ. ಅದಕ್ಕೆ ಅಂಕುಶ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತಳದಲ್ಲಿ ಉಳಿದ ಒಂದು ಚೂಪುಗಲ್ಲು, ಅವಸರದಲ್ಲಿ ಕಡಿದಾಗಿ ಎಬ್ಬಿಸಿದ ಮಂಜೊಟ್ಟಿ, ಬೆತ್ತಕ್ಕಿಂತ ಹೆಚ್ಚು ನೋವು ಕೊಡಬಲ್ಲವು. ಬೆತ್ತ ಹಿಡಿದವನನ್ನು ಸಾವಿರ ಕಣ್ಣುಗಳು ಕಾಯುತ್ತವೆ, ಕರೆಯ ತಳವನ್ನು ಕಾಯುವವರು ಯಾರು? ಓಟಕ್ಕೆ ಮುಂಚೆ ಕೋಣಗಳನ್ನು ಪಶುವೈದ್ಯರು ಪರೀಕ್ಷಿಸುವಂತೆ ಕರೆಯನ್ನೂ ಪರೀಕ್ಷಿಸಿ, ಉದ್ದ, ಆಳ, ಏರುಗಳನ್ನು ಬರೆದಿಡುವ ವ್ಯವಸ್ಥೆ ಎಲ್ಲ ಕಡೆ ಕಡ್ಡಾಯವಾಗಬೇಕು ಎಂಬುದು ನಮ್ಮ ಅಭಿಪ್ರಾಯ. ಗದ್ದೆಯಲ್ಲಿ ಇದರ ಅಗತ್ಯವಿರಲಿಲ್ಲ. ವರ್ಷವೆಲ್ಲ ಅದರಲ್ಲೇ ನಡೆದಾಡುತ್ತಿದ್ದ ಒಕ್ಕಲಿಗೆ ಅದರ ಪ್ರತಿಯೊಂದು ಗುಂಡಿ ಗೊತ್ತಿತ್ತು. ವರ್ಷಕ್ಕೊಮ್ಮೆ ಬಳಸುವ ಕರೆಗೆ ಅಂಥ ಒಕ್ಕಲಿಲ್ಲ.

ಕರೆಯನ್ನು ಎಲ್ಲಿ ಬೇಕಾದರೂ ಕಟ್ಟಬಹುದೆಂಬುದಕ್ಕೆ ಬೆಂಗಳೂರೇ ಸಾಕ್ಷಿ. 2023ರ ನವೆಂಬರ್ 25 ಮತ್ತು 26ರಂದು ಅರಮನೆ ಮೈದಾನದಲ್ಲಿ ‘ರಾಜ-ಮಹಾರಾಜ’ ಜೋಡುಕರೆ ಕಂಬಳ ನಡೆಯಿತು. ಭತ್ತದ ಗಂಧವಿಲ್ಲದ ನೆಲವನ್ನು ಅಗೆದು, ಮಣ್ಣು ಹದಗೊಳಿಸಿ, ನೀರು ತುಂಬಿ ಸುಮಾರು 155 ಮೀಟರಿನ ಕರೆ ಮಾಡಿದರು. ರಾಜಧಾನಿಯ ಜನ ಮುಗಿಬಿದ್ದು ನೋಡಿದರು. ಕರೆ ಕಟ್ಟುವ ವಿದ್ಯೆ ಊರು ಬಿಟ್ಟು ಊರಿಗೆ ಹೋಗಬಲ್ಲುದು ಎಂಬುದು ಅಲ್ಲಿ ಖಚಿತವಾಯಿತು. ಆ ವಿದ್ಯೆ ಹುಟ್ಟಿದ ಬೈಲುಗಳಲ್ಲಿ ಈಗ ಅಡಕೆಯ ನೆರಳಿದೆ. ಗದ್ದೆಯಲ್ಲಿ ಉತ್ತು, ಹಲಗೆ ಎಳೆಸಿ ಹದ ಕಲಿತ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಹೊಸ ಕರೆಯ ಕೆಸರಿಗೆ ಕಾಲಿಟ್ಟು ‘ಇನ್ನೂ ಒಂದಿಷ್ಟು ಮರಳು ಬೇಕು’ ಎನ್ನುವವರು ಅವರೇ. ಆ ಮಾತನ್ನು ಕಿರಿಯರು ಎಲ್ಲಿಯೂ ಬರೆದಿಟ್ಟುಕೊಂಡಂತಿಲ್ಲ.

ಕಂಬಳದ ಋತು ನವೆಂಬರಿನಲ್ಲಿ ತೊಡಗಿ ಬೇಸಗೆಯ ಬಿಸಿಲು ಬಲಿಯುವವರೆಗೆ ಸಾಗುವುದು. ಮಂಗಳೂರಿಗೆ ಹೋಗುವ ಕುಟುಂಬಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ, ಅಜಿಲ ಅರಸರು 1604ರಲ್ಲಿ ನಿಲ್ಲಿಸಿದ ವೇಣೂರಿನ ಬಾಹುಬಲಿಯನ್ನೂ ನೋಡುವ ಪ್ರಯಾಣದಲ್ಲಿ ಒಂದು ದಿನವನ್ನು ಕಂಬಳಕ್ಕೆ ಮೀಸಲಿಡಬಹುದು. ಜನ ಸೇರುವ ಮುನ್ನ, ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಮೊದಲ ಜೋಡಿ ಇನ್ನೂ ಇಳಿದಿರುವುದಿಲ್ಲ. ಕರೆಯ ನೀರು ತಿಳಿಯಾಗಿದ್ದು ತಳದ ಮಣ್ಣು ಕಣ್ಣಿಗೆ ಕಾಣುತ್ತದೆ. ಬಳಿಕ ಬದಿಯಲ್ಲಿ ನಿಂತು ನೋಡುವವರು ಬಿಳಿಯ ಬಟ್ಟೆ ತೊಡದಿದ್ದರೆ ಮನೆಯಲ್ಲಿ ಒಗೆಯುವವರಿಗೆ ಉಪಕಾರವಾಗುತ್ತದೆ.